ಕೌದಿ ಹೊಲಿದವಳ ಹೆಸರು

ಮೈತ್ರೇಯಿಗೆ ಹೊಟ್ಟೆ ಉರಿಯಿತು. ಉರಿಯದೆ ಏನು ಮಾಡೀತು? ಅಮೆರಿಕದ ಹೆಂಗಸರ ಕಲೆಯ ಬಗ್ಗೆ ಯೂನಿವರ್ಸಿಟಿಯಲ್ಲಿ ಪಾಠ ಹೇಳುವವಳು ಅವಳು. ಸಿಂಗಪುರದ ಟ್ಯಾಂಪಿನೀಸ್‌ನ ಕಾಂಡೋ ಹಾಲ್‌ನಲ್ಲಿ ಕನ್ನಡದ ಹೆಂಗಸರೆಲ್ಲ ಬಂದು ಕೂತದ್ದು ಅವಳ ಭಾಷಣ ಕೇಳಲು. ಈಗ ನೋಡಿದರೆ ಎಲ್ಲರೂ ಅವಳು ಚಿತ್ರ ತೋರಿಸುತ್ತಿದ್ದ ಪರದೆಗೆ ಬೆನ್ನು ಹಾಕಿ, ವಿದ್ಯಾಶ್ರೀ ತಂದು ಹಾಸಿದ ಹಳೆಯ ಕೌದಿಯನ್ನು ಮುತ್ತಿಕೊಂಡಿದ್ದರು.

ವಿದ್ಯಾಶ್ರೀ ಹಳಿಯಾಳದ ಕಡೆಯವಳು, ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ಕೆಲಸ. ಕಲೆಯ ಬಗ್ಗೆ ಒಂದು ಪುಸ್ತಕವನ್ನೂ ಓದಿದವಳಲ್ಲ. ಇದು ನಮ್ಮ ಅಜ್ಜಿ ಕೌದಿ ಅಂದಳು, ಅಷ್ಟೇ. ಮೈತ್ರೇಯಿ ಕಷ್ಟಪಟ್ಟು ಕಲಿತದ್ದೆಲ್ಲ ಆ ಒಂದು ಮಾತಿಗೆ ಸಪ್ಪೆಯಾಯಿತು. ಗುಂಪಿಗೆಲ್ಲ ಹಿರಿಯರಾದ ಮೀರಾ ಆಂಟಿಯಂತೂ ಕೌದಿಯನ್ನು ಕೆನ್ನೆಗೆ ಒತ್ತಿಕೊಂಡರು. ಪರದೆಯ ಮೇಲಿನ ಚಿತ್ರವನ್ನು ಯಾರು ಕೆನ್ನೆಗೆ ಒತ್ತಿಕೊಳ್ಳುತ್ತಾರೆ?

ಆ ಚಿತ್ರ ಅವಳೇ ತೆಗೆದದ್ದು. ಅಮೆರಿಕದಲ್ಲಿ ಓದುತ್ತಿದ್ದಾಗ, ದಕ್ಷಿಣದ ಸಣ್ಣ ಊರೊಂದರಲ್ಲಿ, ಕಪ್ಪು ಮುದುಕಿಯೊಬ್ಬಳ ಜಗಲಿಯಲ್ಲಿ ಕೂತು, ಆಕೆ ಕೊಟ್ಟ ನಿಂಬೆ ಪಾನಕ ಕುಡಿದು, ಆಕೆ ಹೊಲಿದ ಕೌದಿಯ ಪಕ್ಕ ಆಕೆಯನ್ನೇ ನಿಲ್ಲಿಸಿ ತೆಗೆದದ್ದು. ಭಾಷಣದ ತಿರುಳೂ ಅಲ್ಲೇ ಇತ್ತು. ಬಿಳಿಯ ಸ್ತ್ರೀವಾದಿಗಳು ಕೆಲವರು ಇಂಥ ಕೌದಿಗಳನ್ನು ಗೋಡೆಗೆ ತೂಗುಹಾಕಿ, ಇದು ಹೆಸರಿಲ್ಲದ ಹೆಣ್ಣುಗಳ ಕಲೆ, ನಮ್ಮೆಲ್ಲರದೂ ಎಂದು ಕೊಂಡಾಡಿದರು. ಕಪ್ಪು ಹೆಂಗಸರು, ನಮಗೆ ಹೆಸರಿತ್ತಲ್ಲ, ನೀವು ಕೇಳಲಿಲ್ಲ ಅಂದರು.

ಅಷ್ಟರಲ್ಲಿ ಅವಳ ಕಣ್ಣಿಗೆ ಬಿತ್ತು: ವಿದ್ಯಾಶ್ರೀಯ ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಹೊಲಿದ ತ್ರಿಕೋನದ ಹೂವು. ಎಂದೋ ಆಫ್ರಿಕಾದಿಂದ ಬಂದು ಹಳಿಯಾಳದ ಕಾಡಿನಲ್ಲಿ ನೆಲೆಸಿದವರ ವಂಶದ ಸಿದ್ದಿ ಹೆಂಗಸರ ಕೈಗುರುತು ಅದು. ಮೈತ್ರೇಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ವಿದ್ಯಾಶ್ರೀ, ಇದನ್ನ ನಿಮ್ಮ ಅಜ್ಜಿ ಹೊಲಿದಿಲ್ಲ ಅಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. "ಇದು ಸಿದ್ದಿಗಳ ವರ್ಕ್. ಹೊಲಿದೋರ ಹೆಸರೇನು?"

ವಿದ್ಯಾಶ್ರೀಯ ಮುಖ ಕೆಂಪಾಯಿತು. ಅಜ್ಜಿ ಹೊದೆಯುತ್ತಿದ್ದುದಕ್ಕೆ ಅಜ್ಜಿ ಕೌದಿ ಅಂದೆ, ಹೊಲಿದವರು ಯಾರೆಂದು ಯೋಚಿಸಿಯೇ ಇರಲಿಲ್ಲ ಎಂದು ಒಪ್ಪಿಕೊಂಡಳು. ಅಲ್ಲಿಗೇ ನಿಂತಿದ್ದರೆ ಮೈತ್ರೇಯಿ ಗೆದ್ದಂತೆಯೇ. ಆದರೆ ಆ ಹುಡುಗಿ ಅಲ್ಲೇ ಫೋನ್ ತೆಗೆದು ಊರಿಗೆ ಹಚ್ಚಿದಳು.

"ಯವ್ವಾ, ಅಜ್ಜಿ ಕೌದಿ ಹೊಲದಾಕಿ ಹೆಸರೇನ?"

"ಹುಸೇನಬಿ," ಎಂದು ಅವಳ ತಾಯಿ ತಡವರಿಸದೆ ಹೇಳಿದ್ದು ಸ್ಪೀಕರ್‌ನಲ್ಲಿ ಎಲ್ಲರಿಗೂ ಕೇಳಿಸಿತು. "ಆಕಿ ಮಗಳು ಈಗೂ ಸಂತ್ಯಾಗ ಸಿಗತಾಳ. ಯಾಕವಾ?"

ಹೆಂಗಸರೆಲ್ಲ ಹುಸೇನಬಿ, ಹುಸೇನಬಿ ಅಂದರು. ಕೌದಿಯನ್ನು ಮೊದಲಿಗಿಂತ ಹೆಚ್ಚು ಕೈಗಳು ಸವರಿದವು. ವಿದ್ಯಾಶ್ರೀಯ ಮುಖಕ್ಕೆ ಮಸಿ ಬಳಿಯಲು ಹೋಗಿ ಮೈತ್ರೇಯಿ ಅವಳ ಕೊರಳಿಗೆ ಹಾರ ಹಾಕಿದಂತಾಗಿತ್ತು.

ವಿದ್ಯಾಶ್ರೀಗೆ ಕೋಪವಾದರೂ ಬರಬಾರದಿತ್ತೇ? ಅದೂ ಇಲ್ಲ. ನೀವು ಕೇಳಿದ್ದೇ ಒಳ್ಳೆಯದಾಯಿತು ಎಂದು ಹೇಳಿ ಪರದೆಯ ಕಡೆ ತಿರುಗಿದಳು.

"ಈ ಅಜ್ಜಿ ಹೆಸರೇನು, ಮೇಡಂ?"

ಪರದೆಯ ಮೇಲೆ ಮುದುಕಿ ನಗುತ್ತಿದ್ದಳು. ಮೈತ್ರೇಯಿಗೆ ಪಾನಕದ ರುಚಿ ನೆನಪಿತ್ತು, ಜಗಲಿಯ ನೀಲಿ ಬಣ್ಣ ನೆನಪಿತ್ತು. ಹೆಸರು ಮರೆತಿರಲಿಲ್ಲ, ಕೇಳಿಯೇ ಇರಲಿಲ್ಲ. ಹಾಗಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ವಿದ್ಯಾಶ್ರೀಯೂ ಹಾಗೇ ಒಪ್ಪಿಕೊಂಡಿದ್ದಳಲ್ಲ. ಆದರೆ ಬೇರೆ ಯಾರ ಮುಂದೆ ಅಂದರೂ ಅಂದಾಳು, ಇವಳ ಮುಂದೆ ಮಾತ್ರ ಅನ್ನಲಾರಳು.

"ಮೇರಿ," ಅಂದಳು.

"ಮೇರಿ ಅಜ್ಜಿ," ಎಂದು ವಿದ್ಯಾಶ್ರೀ ಪರದೆಗೆ ಕೈಮುಗಿದಳು. ಮೀರಾ ಆಂಟಿ ಮರೆಯಬಾರದೆಂದು ಆ ಹೆಸರನ್ನು ಫೋನಿನಲ್ಲಿ ಬರೆದುಕೊಂಡರು.