ಅಂಗೈ ಉದ್ದದ ಚಾಕು

ಶನಿವಾರ ಬೆಳಿಗ್ಗೆ ಕೊರಿಯರ್‌ನವನು ಕೊಟ್ಟುಹೋದ ಡಬ್ಬಿಯನ್ನು ನನ್ನ ಗಂಡ ಜಯಪ್ರಕಾಶ್ ಮೊದಲು ದೇವರ ಮುಂದಿಟ್ಟು, ಕೈಮುಗಿದು, ಆಮೇಲೆ ಬಿಚ್ಚಿದರು. ಒಳಗಿದ್ದದ್ದು ಒಂದು ಚಾಕು. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವಷ್ಟು ಉದ್ದ. ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಹಿಡಿ ಟೊಳ್ಳು. ಅದರೊಳಗೆ ನಾಲ್ಕು ಬೆಂಕಿಕಡ್ಡಿ, ಒಂದು ಸೂಜಿ, ಒಂದು ಮೀನಿನ ಗಾಳ.

"ನೋಡೇ ಪ್ರಮೀಳಾ, ಕಾಡಲ್ಲಿ ದಾರಿ ತಪ್ಪಿದ್ರೂ ಇದೊಂದ್ರಲ್ಲೇ ಒಂದ್ ವಾರ ಬದುಕ್ಬೋದು. ಎರಡ್ ಸಾವ್ರದ ಎಂಟ್ನೂರು, ಅದೂ ಆಫರ್‌ನಲ್ಲಿ."

"ಗಾಳ ಯಾಕ್ರೀ? ಅವ್ಳು ಹೋಗ್ತಿರೋದು ಆನೆ ಕಾಯೋಕೆ," ಅಂದೆ.

ನಮ್ಮ ಒಬ್ಬಳೇ ಮಗಳು ಇಂಪನಾ ಫಾರೆಸ್ಟ್ ಗಾರ್ಡ್ ಆಗಿದ್ದಾಳೆ. ತರಬೇತಿ ಮುಗಿದು, ಚಾಮರಾಜನಗರದ ಆಚೆಯ ಕಾಡಿನಲ್ಲಿ ಕಳ್ಳಬೇಟೆ ತಡೆಯುವವರ ಶಿಬಿರಕ್ಕೆ ಹಾಕಿದ್ದಾರೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಬಸ್ಸು. ಅಂದರೆ ನನಗೆ ಉಳಿದಿದ್ದದ್ದು ಒಂದೇ ದಿನ. ನಾನೂ ಅವಳೂ ಮಾತಾಡಿ ಹನ್ನೊಂದು ದಿನವಾಗಿತ್ತು.

ತಪ್ಪು ನನ್ನದೇ, ಸುತ್ತಿ ಬಳಸಿ ಹೇಳುವುದೇನೂ ಇಲ್ಲ. ಅವಳ ಕೆಲಸದ ಆರ್ಡರ್ ಅಂಚೆಯಲ್ಲಿ ಬಂದ ದಿನ ಮನೆಯಲ್ಲಿದ್ದವಳು ನಾನೊಬ್ಬಳೇ. ಅದನ್ನು ಅಕ್ಕಿ ಡ್ರಮ್ಮಿನ ಕೆಳಗೆ ಹಾಸಿದ ಪೇಪರಿನಡಿ ತಳ್ಳಿಬಿಟ್ಟೆ. ಹಾಜರಾಗುವ ತಾರೀಕು ದಾಟಿದರೆ ಕೆಲಸ ತಪ್ಪುತ್ತದೆ, ಹುಡುಗಿ ತುಮಕೂರಿನಲ್ಲೇ ಯಾವುದಾದರೂ ಸ್ಕೂಲಿಗೆ ಟೀಚರಾಗಿ ಸೇರಿಕೊಳ್ಳುತ್ತಾಳೆ ಅಂತ ನನ್ನ ಲೆಕ್ಕ. ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಊರವರ ಕಾಗದ ಜೋಪಾನ ಮಾಡುವವಳು ನಾನು, ಹೆತ್ತ ಮಗಳ ಕಾಗದ ಬಚ್ಚಿಟ್ಟೆ. ಮೂರನೇ ದಿನ ಜೊತೆಯವಳೊಬ್ಬಳು ಫೋನ್ ಮಾಡಿ "ನಿಂಗೂ ಬಂತಾ?" ಅಂತ ಕೇಳಿದ್ದೇ ಇಂಪನಾ ಮನೆಯೆಲ್ಲ ಹುಡುಕಿದಳು. ಸಿಕ್ಕಿತು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ.

"ಬೇಡ ಅಂದಿದ್ರೆ ಜಗಳ ಆಡ್ತಿದ್ವಿ ಅಮ್ಮ. ಜಗಳ ಆಡೋವಷ್ಟೂ ಲಾಯಕ್ಕಿಲ್ವಾ ನಾನು?" ಅಂದಳು. ಆವತ್ತಿನಿಂದ ಉಪ್ಪು ಬೇಕಾದರೂ ಅಪ್ಪನ ಮೂಲಕ ಕೇಳುತ್ತಿದ್ದಳು.

ಏನೇನು ತರಬೇಕು ಅಂತ ಶಿಬಿರದ ಹಿರಿಯರೊಬ್ಬರು ಫೋನಿನಲ್ಲಿ ಹೇಳಿದ್ದನ್ನು ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಟಾರ್ಚು, ಹಗ್ಗ, ಉಪ್ಪು, ಜಿಗಣೆಗೆ ಹೊಗೆಸೊಪ್ಪು. ಕೊನೆಯಲ್ಲಿ: 'ಚಾಕು. ಮಡಚುವಂಥದ್ದು ಬೇಡ. ಅಂಗೈ ಉದ್ದ ಸಾಕು. ಅಗ್ಗದ್ದಿರಲಿ, ಕಳೆದರೆ ಅಳಬಾರದು. ಅಪ್ಪನಿಗೆ ಹೇಳಬೇಕು.'

ಅಪ್ಪನಿಗೆ! ಈ ಮನೆಯಲ್ಲಿ ಮೂರು ಹೊತ್ತು ಚಾಕು ಹಿಡಿಯುವವಳು ನಾನು. ಅಪ್ಪನೋ, ಹಾಲಿನ ಪ್ಯಾಕೆಟ್ಟು ಕತ್ತರಿಸಲೂ ಬಾಯಿ ಹಾಕುವ ಮನುಷ್ಯ. ಹೊಟ್ಟೆ ಉರಿಯಿತು. ಉರಿದರೂ ಶುಕ್ರವಾರ ಊಟದ ಬಿಡುವಿನಲ್ಲಿ ಗುಬ್ಬಿಯ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಕದ್ದುಮುಚ್ಚಿ ನೋಡಿ ಬಂದಿದ್ದೆ. ಮನಸ್ಸಿಗೆ ಬಂದದ್ದು ಒಂದೂ ಇರಲಿಲ್ಲ.

ಈಗ ಈ ಗಾಳದ ಚಾಕನ್ನು ಹಿತ್ತಲಿಗೆ ಒಯ್ದು, ಒಣಗಿ ಬಿದ್ದಿದ್ದ ತೆಂಗಿನ ಗರಿಯ ದಪ್ಪ ಬುಡಕ್ಕೆ ಒಂದೇಟು ಹಾಕಿದೆ. ಎರಡನೇ ಏಟಿಗೆ ಅಲಗು ಗರಿಯಲ್ಲೇ ಉಳಿಯಿತು, ಹಿಡಿ ನನ್ನ ಕೈಯಲ್ಲಿ ಉಳಿಯಿತು. ಬೆಂಕಿಕಡ್ಡಿಗಳು ನೆಲಕ್ಕೆ ಬಿದ್ದವು.

"ನೀನ್ ಹೊಡ್ದಿದ್ದೇ ಸರಿಯಿಲ್ಲ," ಅಂದರು ಜಯಪ್ರಕಾಶ್.

"ಕಾಡಲ್ಲಿ ಸರಿಯಾಗ್ ಹೊಡ್ಯೋದು ಹೆಂಗೆ ಅಂತ ಆನೆಗಳು ಹೇಳ್ಕೊಡ್ತವೆ ಬಿಡಿ," ಅಂದು ಸೀರೆ ಬದಲಿಸಲು ಒಳಗೆ ಹೋದೆ. ನಾಲ್ಕನೇ ಶನಿವಾರ, ಆಫೀಸಿಗೆ ರಜ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುವಂಥ ತಳಮಳ. ಮಗಳು ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಅವಳು ತಲೆಯೆತ್ತಲಿಲ್ಲ.

ನಮ್ಮ ತುಮಕೂರಿನ ಮಂಡಿಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದೆ. ಎಲ್ಲ ಕಡೆಯೂ ಫಳಫಳ ಹೊಳೆಯುವ ಸ್ಟೀಲು. ಒಂದರ ಮೊನೆಯನ್ನು ಕೌಂಟರಿಗೆ ಒತ್ತಿ ನೋಡಿದರೆ ಬಾಗಿತು, ಬಾಗಿದ್ದು ಹಾಗೇ ನಿಂತಿತು.

"ಮೇಡಂ, ಅದು ಹಣ್ಣು ಹೆಚ್ಚೋದಕ್ಕೆ!" ಅಂಗಡಿಯವರು ಕಿತ್ತುಕೊಂಡರು.

"ಹಣ್ಣಿಗೆ ಹಲ್ಲು ಸಾಕು," ಅಂದು ಇಳಿದೆ. ಅಷ್ಟು ಹೊತ್ತಿಗೆ ನೆನಪಾದದ್ದು ಕುಣಿಗಲ್ಲಿನ ಕುಲುಮೆ. ನನ್ನ ತವರು ಅಮೃತೂರು. ನಮ್ಮಪ್ಪ ಕುಡುಗೋಲು, ಮಚ್ಚು ಎಲ್ಲ ಹುತ್ರಿದುರ್ಗದ ರಸ್ತೆಯ ಆ ಕುಲುಮೆಯಲ್ಲೇ ಮಾಡಿಸುತ್ತಿದ್ದದ್ದು. ಕುಣಿಗಲ್ ಬಸ್ಸು ಹೊರಟೇಬಿಟ್ಟಿತ್ತು, ಓಡಿ ಹತ್ತಿದೆ.

ಅಲ್ಲಿ ಈಗ ಆಗಿನ ಕಮ್ಮಾರರ ಮಗ ಭೀಮರಾಜ್ ಕೂರುತ್ತಾರೆ. ಅವರಿಗೂ ಅರವತ್ತು ದಾಟಿದೆ. ಹಳೆಯ ತಿದಿ ಹೋಗಿ ಕರೆಂಟಿನ ಗಾಳಿಯಂತ್ರ ಬಂದಿದೆ. ಅದರ ಪಕ್ಕದಲ್ಲಿ ಅವರ ಹೆಂಡತಿ ಕದರಮ್ಮ ಇದ್ದಿಲು ಸರಿಮಾಡುತ್ತ ಕೂತಿದ್ದರು.

"ಏನ್ ಕೆಲ್ಸಕ್ಕವ್ವ ಚಾಕು?" ಭೀಮರಾಜ್ ಕೇಳಿದರು.

"ಮಗಳು ಕಾಡಿಗೆ ಹೋಗ್ತವ್ಳೆ, ಡ್ಯೂಟಿಗೆ. ಪುಳ್ಳೆ ಸೀಳ್ಬೇಕು, ಹಗ್ಗ ಕೊಯ್ಬೇಕು, ಈರುಳ್ಳಿ ಹೆಚ್ಬೇಕು."

"ಅಷ್ಟೇನಾ? ಅಷ್ಟಕ್ಕೆ ಅಂಗೈ ಉದ್ದ ಆಯ್ತದೆ ಬುಡು."

ಫ್ರಿಜ್ಜಿನ ಮೇಲಿದ್ದ ಮಾತೇ ಇವರ ಬಾಯಲ್ಲಿ ಬಂದದ್ದು ಕೇಳಿ ಜೀವಕ್ಕೆ ಹಾಯೆನ್ನಿಸಿತು. ಲಾರಿಯ ಕಮಾನು ಪಟ್ಟಿಯಿಂದ ತಟ್ಟಿಟ್ಟ ಎರಡು ಅಲಗುಗಳನ್ನು ಮುಂದಿಟ್ಟರು. ಕಪ್ಪಗೆ, ಒರಟಾಗಿ, ನೋಡಲು ಏನೇನೂ ಚೆನ್ನಾಗಿರಲಿಲ್ಲ. ಒಂದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬೀಳಿಸಿದರು. ಠಣ್ಣೆಂದಿತು. ಅಲಗಿನ ಬಾಲ ಹಿಡಿಯ ಆ ತುದಿಯವರೆಗೂ ಹೋಗುತ್ತದೆ, ಹಿಡಿ ಮುರಿದರೂ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಬಹುದು ಅಂದರು.

"ಕುಡ್ಲಿಗೆ ಹಿಡ್ದಂಗೆ ಒಂದೇ ಮಗ್ಗುಲಿಗೆ ಸಾಣೆ ಕೊಟ್ಟು ಬಾಯಿ ಹಿಡೀತೀನಿ. ಒಣ ಪುಳ್ಳೆಗೆ ಚೆನ್ನಾಗಿ ಕಚ್ಕತದೆ. ಮಗಳು ಬಲಗೈಯೋ, ಎಡಚಿಯೋ?"

"ಬಲಗೈ," ಅಂದೆ.

"ಸರ್ಯಾಗ್ ಹೇಳವ್ವ. ಬಲಗೈಗ್ ಹಿಡಿದ್ ಬಾಯ್ನ ಎಡಗೈಲಿ ತಕಂಡ್ರೆ ಕಚ್ಚಲ್ಲ, ಜಾರ್ತದೆ. ಬೆರಳಿಗೇ ಬತ್ತದೆ."

"ಬಲಗೈಯೇ. ನನ್ ಮಗಳೇನ್ ಎಡಚಿ ಅಲ್ಲ!"

ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ. ಕದರಮ್ಮ ಇದ್ದಿಲಿನಿಂದ ಕಣ್ಣೆತ್ತಿ ನನ್ನನ್ನೇ ನೋಡಿದರು. ಒಂದೂವರೆ ಗಂಟೆಯಲ್ಲಿ ಚಾಕು ಕೈಗೆ ಬಂತು, ಜಾಲಿ ಮರದ ಹಿಡಿ, ಹಳೆಯ ಟ್ಯೂಬಿನ ಒರೆ. ಮುನ್ನೂರೈವತ್ತು ರೂಪಾಯಿ. ಬ್ಯಾಗಿಗೆ ಹಾಕಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ಗೆದ್ದೆ ಅಂದುಕೊಂಡೆ.

ಆದರೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಕಿಟಕಿ ಸರಿಸಿದೆ, ಮುಚ್ಚಿದೆ, ಬ್ಯಾಗನ್ನು ಆ ತೊಡೆಯಿಂದ ಈ ತೊಡೆಗೆ ಇಟ್ಟುಕೊಂಡೆ.

ಇಂಪನಾ ಮೂರು ವರ್ಷದವಳಿದ್ದಾಗ ಎಲ್ಲಕ್ಕೂ ಎಡಗೈ ಚಾಚುತ್ತಿದ್ದಳು. ತುತ್ತಿಗೂ ಎಡಗೈ, ತೀರ್ಥಕ್ಕೂ ಎಡಗೈ. ನಮ್ಮಮ್ಮ ಮಂಜುಳಮ್ಮ ಅಮೃತೂರಿನಿಂದ ಬಂದಾಗಲೆಲ್ಲ "ಎಡಗೈಲಿ ಉಣ್ಣೋ ಹೆಣ್ಣನ್ನ ನಾಳೆ ಪಂಕ್ತೀಲಿ ಯಾರೇ ಪಕ್ಕ ಕೂರಿಸ್ಕೋತಾರೆ?" ಅಂತ ಹಂಗಿಸುತ್ತಿದ್ದರು. ನನಗೆ ಅವಮಾನ. ಊಟಕ್ಕೆ ಕೂತಾಗ ಸೌಟು ಹಿಡಿದೇ ನಿಲ್ಲುತ್ತಿದ್ದೆ. ಎಡಗೈ ತಟ್ಟೆಗೆ ಬಂದರೆ "ಆ ಕೈ ಬೇಡ" ಅಂತ ಮಣಿಕಟ್ಟಿಗೆ ಸೌಟಿನಿಂದ ಒಂದು ತಟ್ಟು. ಒಂದು ಬೇಸಿಗೆಯಿಡೀ ಆ ಕೈಯನ್ನು ರಿಬ್ಬನ್ನಿನಿಂದ ಫ್ರಾಕಿನ ಬೆಲ್ಟಿಗೆ ಕಟ್ಟಿಹಾಕಿದ್ದೆ. ಒಂದನೇ ಕ್ಲಾಸಿಗೆ ಹೋಗುವಷ್ಟರಲ್ಲಿ ಹುಡುಗಿ ಸರಿಹೋದಳು. ತಿದ್ದಿದೆ ಅಂತ ಹೆಮ್ಮೆಪಟ್ಟಿದ್ದೆ ನಾನು.

ಮೊಬೈಲು ತೆಗೆದೆ. ತರಬೇತಿಯ ಫೋಟೋ ಒಂದಿತ್ತು. ಬೆಂಕಿ ಹರಡದಂತೆ ಕಾಡಿನಲ್ಲಿ ಪೊದೆ ಸವರುತ್ತಿರುವ ಒಂಬತ್ತು ಜನ. ಆಫೀಸಿನಲ್ಲಿ ಜೊತೆಯ ಮಾಲಿನಿಗೆ ಅದನ್ನು ಹತ್ತು ಸಲವಾದರೂ ತೋರಿಸಿದ್ದೇನೆ. ತೋರಿಸುವಾಗೆಲ್ಲ ನೋಡಿದ್ದು ಮಗಳ ಮುಖವನ್ನು, ಎಷ್ಟು ಕಪ್ಪಾಗಿದ್ದಾಳೆ ಅಂತ. ಈಗ ಬೆರಳಿನಿಂದ ಹಿಗ್ಗಿಸಿ ಕೈ ನೋಡಿದೆ. ಎಂಟು ಜನರ ಮಚ್ಚು ಬಲಗೈಯಲ್ಲಿತ್ತು. ಇಂಪನಾಳದ್ದು ಎಡಗೈಯಲ್ಲಿತ್ತು.

ನನ್ನ ಮುಂದೆ ಮಾತ್ರ ಬಲಗೈ. ಇಪ್ಪತ್ತು ವರ್ಷ! ಬಚ್ಚಿಡುವುದನ್ನು ಈ ಮನೆಯಲ್ಲಿ ಮೊದಲು ಕಲಿಸಿದವಳೇ ನಾನು. ಆದರೆ ಆ ಯೋಚನೆಗಿಂತ ಮೊದಲು ಕಣ್ಣ ಮುಂದೆ ಬಂದದ್ದು ಕಾಡು, ಒಣ ಪುಳ್ಳೆ, ಜಾರುವ ಅಲಗು, ಅವಳ ಬೆರಳು. ಆಸ್ಪತ್ರೆ ಎಷ್ಟು ದೂರವೋ ಯಾರಿಗೆ ಗೊತ್ತು.

"ಇಳ್ಸಿ! ಇಲ್ಲೇ ಇಳ್ಸಿ!" ಅಂತ ಕೂಗಿದೆ.

"ತುಮ್ಕೂರಿಗೆ ಟಿಕೆಟ್ ತಗೊಂಡಿದೀರಲ್ಲಮ್ಮ, ಇದು ಹೆಬ್ಬೂರು," ಅಂದ ಕಂಡಕ್ಟರು.

"ಗೊತ್ತಪ್ಪ. ಇಳ್ಸು."

ರಸ್ತೆ ದಾಟಿ ನಿಂತರೆ ಕುಣಿಗಲ್ ಕಡೆಗೆ ಮುಕ್ಕಾಲು ಗಂಟೆ ಬಸ್ಸಿಲ್ಲ. ಟೀ ಹೇಳಿ ಕುಡಿಯದೆ ಬಿಟ್ಟೆ. ಕುಲುಮೆಗೆ ಮತ್ತೆ ಹೋದಾಗ ಐದಾಗಿತ್ತು. ಬೆಂಕಿ ತಣ್ಣಗಾಗಿ ಭೀಮರಾಜ್ ಕೈಕಾಲು ತೊಳೆಯುತ್ತಿದ್ದರು. ಕದರಮ್ಮ ಜಗಲಿಯ ಮೇಲೆ ಕೂತಿದ್ದರು.

"ಬಂದ್ಯಾ? ಬತ್ತಾಳೆ ಅಂತ ಇವ್ರಿಗೆ ಹೇಳ್ದೆ ಆಗ್ಲೇ," ಅಂದರು.

"ನಿಮ್ಗೆಂಗ್ ಗೊತ್ತಾಯ್ತು?"

"ನಾನೂ ಎಡಚಿನೇ ಕಣವ್ವ. 'ಅಲ್ಲ' ಅಂದ್ಯಲ್ಲ, ನಮ್ಮವ್ವನ ದನೀನೇ ಕೇಳ್ದಂಗಾಯ್ತು."

ಬ್ಯಾಗಿನಿಂದ ಚಾಕು ತೆಗೆದು ಜಗಲಿಯ ಮೇಲಿಟ್ಟೆ. ಮುಖ ಎಲ್ಲಿಟ್ಟುಕೊಳ್ಳುವುದು ತಿಳಿಯಲಿಲ್ಲ. ಭೀಮರಾಜ್ ಚಾಕನ್ನು ವಾಪಸ್ ತೆಗೆದುಕೊಂಡರು. ಒಮ್ಮೆ ಹಿಡಿದ ಬಾಯಿಯನ್ನು ತಿರುಗಿಸಲು ಆಗುವುದಿಲ್ಲ, ಇನ್ನೊಂದು ಅಲಗಿದೆಯಲ್ಲ ಅಂದರು. ದುಡ್ಡು ತೆಗೆದರೆ "ಊರೆಲ್ಲಾ ಬಲಗೈಯವ್ರೇ, ಇದು ನಾಳೇನೇ ಖರ್ಚಾಯ್ತದೆ" ಅಂತ ಬೇಡವೆಂದರು. ಎಡಗೈಗೆ ಬಾಯಿ ಹಿಡಿದು, ಹಿಡಿ ಕೂರಿಸಿ ಮುಗಿಸಿದಾಗ, ಕದರಮ್ಮ ಅದನ್ನು ಎಡಗೈಯಲ್ಲಿ ಹಿಡಿದು ಒಂದು ಜಾಲಿ ಕಡ್ಡಿಯನ್ನು ಸರಸರ ಸವರಿದರು. "ಹೂಂ, ತಕಂಡ್ ಹೋಗು," ಅಂದರು.

ಮನೆ ಸೇರಿದಾಗ ಏಳೂವರೆ. ಅಪ್ಪ ಮಗಳು ನಡುಮನೆಯಲ್ಲಿ ಬ್ಯಾಗಿನ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದರು.

"ಎಲ್ಲೋಗಿದ್ಯೇ? ಫೋನ್ ಆದ್ರೂ ಎತ್ಬಾರ್ದಾ?" ಅಂದರು ಜಯಪ್ರಕಾಶ್.

ನನ್ನ ಬ್ಯಾಗಿನಿಂದ ಚಾಕು ತೆಗೆದೆ. ಹರಿತದ ವಸ್ತುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಅಂತ ನಮ್ಮಲ್ಲಿ ಕೊಡುವುದಿಲ್ಲ. ಇದ್ದ ಜಗಳವೇ ಸಾಲದೆ? ಚಾಕನ್ನು ನೆಲದ ಮೇಲಿಟ್ಟು ಅವಳ ಕಡೆ ಸರಿಸಿದೆ. ಇಂಪನಾ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತೆಗೆದುಕೊಂಡಳು. ಬಲಗೈಯಲ್ಲೇ.

ಬೆಳಿಗ್ಗೆ ನಾನು ಹೊಡೆದ ತೆಂಗಿನ ಗರಿಯ ಬುಡ ಹಿತ್ತಲ ಬಾಗಿಲ ಬಳಿಯೇ ಬಿದ್ದಿತ್ತು. ಅದರ ಮೇಲೆ ಅಲಗಿಟ್ಟು ಸವರಿದಳು. ಕಚ್ಚಲಿಲ್ಲ, ಜಾರಿತು.

"ನೋಡ್ದಾ? ನಂದಕ್ಕೆ ಅಂದ್ಯಲ್ಲ, ನಿಂದೇನ್ ಮಹಾ..." ಜಯಪ್ರಕಾಶ್ ಶುರುಮಾಡಿದರು.

"ಆ ಕೈ ಬೇಡ," ಅಂದೆ.

ಇಂಪನಾ ಮಣಿಕಟ್ಟನ್ನು ಹಿಂದಕ್ಕೆಳೆದುಕೊಂಡಳು, ಮೂರು ವರ್ಷದವಳಿದ್ದಾಗ ಎಳೆದುಕೊಳ್ಳುತ್ತಿದ್ದ ಹಾಗೆಯೇ.

"ಬಲಗೈ ಬೇಡ ಕಣೇ. ಎಡಗೈಲಿ ಹಿಡಿ. ಎಡಗೈಗೇ ಅಂತ ಮಾಡ್ಸಿದೀನಿ."

ಇಂಪನಾ ನಿಧಾನವಾಗಿ ಕೈ ಬದಲಿಸಿದಳು. ಗರಿಯಿಂದ ಉದ್ದನೆಯ ಸಿಪ್ಪೆಯೊಂದು ಸುರುಳಿ ಸುತ್ತಿಕೊಂಡು ಎದ್ದು ಬಂತು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ತಲೆ ತಗ್ಗಿಸಿಕೊಂಡೇ ಕೇಳಿದಳು:

"ಯಾವಾಗಿಂದ ಗೊತ್ತು?"

"ಇವತ್ತಿಂದ. ಹೆಬ್ಬೂರಲ್ಲಿ."

ಫಕ್ಕನೆ ನಕ್ಕಳು. ಹನ್ನೊಂದು ದಿನದ ಮೇಲೆ ಕೇಳಿದ ನಗು. ನನಗೆ ಮಾತ್ರ ಅಳು ಬಂತು. ತಡೆದುಕೊಳ್ಳಲಿಲ್ಲ.

"ಆರ್ಡರ್ ಬಚ್ಚಿಟ್ಟಿದ್ದು ತಪ್ಪಾಯ್ತು ಮಗ. ನಂಗೆ ಭಯ. ಈಗ್ಲೂ ಭಯಾನೇ."

"ನಂಗೂ ಭಯ ಅಮ್ಮ. ಕೇಳಿದ್ರೆ ಹೇಳ್ತಿದ್ದೆ," ಅಂದಳು.

ಊಟಕ್ಕೆ ಕೂತೆವು. ಮುದ್ದೆ, ಹುರುಳಿಕಾಳಿನ ಸಾರು. ಇಂಪನಾ ಎರಡೂ ಕೈ ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಎಡಗೈಯಲ್ಲಿ ಮುದ್ದೆ ಮುರಿದಳು. ನನ್ನ ಕೈಯಲ್ಲಿ ಸೌಟಿತ್ತು. ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.