ಬಂಗಡೆ ಕಾಣುವ ಕಣ್ಣು

ಡಾಕ್ಟರು ಬಾಬುವಿನ ಬಲಗಣ್ಣಿನ ರೆಪ್ಪೆ ಎತ್ತಿ ಹಿಡಿದು, ಬಿಳಿಯ ಮೇಲಿದ್ದ ಕಪ್ಪು ಚುಕ್ಕೆಯನ್ನು ಗಾಜಿನ ಕಡ್ಡಿಯಿಂದ ಮೆಲ್ಲಗೆ ಸರಿಸಿ ನೋಡಿದರು. ಗಂಡನನ್ನು ಕಾರವಾರದ ಆಸ್ಪತ್ರೆಗೆ ಎಳೆದುಕೊಂಡು ಬಂದಿದ್ದ ಹೀರಾ ಪಕ್ಕದಲ್ಲೇ ನಿಂತಿದ್ದಳು.

ಅಮದಳ್ಳಿಯ ರಂಪಣಿ ಬಲೆಗೆ ಬಾಬುವೇ ಕಣ್ಣು. ಗುಡ್ಡದ ಮೇಲೆ ಕೂತು, ನೀರಿನ ಬಣ್ಣ ತುಸು ಮಾಸಿದರೂ ಬಂಗಡೆಯ ಹಿಂಡು ಬಂತೆಂದು ಬಟ್ಟೆ ಬೀಸುವವನು. ಅವನು ಬೀಸಿದತ್ತ ದೋಣಿ ಹೋಗಿ ಬಲೆ ಬಿಡುತ್ತಿತ್ತು. ದಂಡೆಯಲ್ಲಿ ನಿಂತು ಊರೇ ಹಗ್ಗ ಎಳೆಯುತ್ತಿತ್ತು. ಚುಕ್ಕೆ ಮೂಡಿದ ವರ್ಷವೇ ಬಂಗಡೆ ರಾಶಿರಾಶಿ ಬಿದ್ದಿತ್ತು. ಅಷ್ಟು ಸಾಕಾಯಿತು ನಮ್ಮ ಜನಕ್ಕೆ. ಹಂಗಾಮಿನ ಮೊದಲ ದಿನ ಬಲೆಗೆ ಹೂವೇರಿಸಿ, ಬಾಬುವಿನ ಹಣೆಗೂ ಕುಂಕುಮ ಹಚ್ಚತೊಡಗಿದರು. ಚುಕ್ಕೆ ದೊಡ್ಡದಾದರೆ ಹಿಗ್ಗಿದರು, ಕೆಂಪು ನರಗಳು ಅದರತ್ತ ಹರಿದರೆ ಇನ್ನೂ ಹಿಗ್ಗಿದರು. ಅದನ್ನು ತೆಗೆಸಿದರೆ ಗುಡ್ಡದ ಮೇಲೆ ಬೇರೆಯವನನ್ನು ಕೂರಿಸುತ್ತೇನೆಂದು ಬಲೆಯ ಯಜಮಾನ ರಾಮಾ ತಾಂಡೇಲ ಹೇಳಿಯೇ ಬಿಟ್ಟಿದ್ದ.

"ಇದು ಕೆಟ್ಟ ಗಡ್ಡೆ," ಎಂದರು ಡಾಕ್ಟರು. "ಮೇಲಿನ ಪೊರೆಯ ಜೊತೆ ಸರಿಯುತ್ತದೆ, ಅಂದರೆ ಇನ್ನೂ ಒಳಗೆ ಇಳಿದಿಲ್ಲ. ಈಗ ಕತ್ತರಿಸಿದರೆ ಕಣ್ಣು ಉಳಿಯಬಹುದು. ಬಿಟ್ಟರೆ ಕಣ್ಣು ಮಾತ್ರ ಅಲ್ಲ, ಜೀವವೂ ಹೋಗುತ್ತದೆ."

ಆಮೇಲೆ ಮೀನು ಕಾಣುತ್ತದೆಯೇ ಎಂದು ಬಾಬು ಕೇಳಿದ. ಪಟ್ಟಿ ಬಿಚ್ಚುವ ತನಕ ಹೇಳಲಾರೆ ಎಂದರು ಡಾಕ್ಟರು. ತಾಂಡೇಲನನ್ನೊಮ್ಮೆ ಕೇಳಿ ಬರುತ್ತೇನೆಂದು ಬಾಬು ಎದ್ದ. ಹೀರಾ ಬಾಗಿಲಿಗೆ ಅಡ್ಡ ನಿಂತಳು.

"ತಾಂಡೇಲ್ರಿಗೆ ಬೇರೆ ಕಣ್ಣು ಸಿಕ್ತದೆ. ನಂಗೆ ಬೇರೆ ಗಂಡ ಎಲ್ಲಿ ಸಿಕ್ಕೂದು? ಕೂತ್ಕಣಿ."

ಬಾಬು ಕೂತ.

ಕೊಕೇನ್ ಹನಿ ಹಾಕಿ ಕಣ್ಣು ಮರಗಟ್ಟಿಸಿ, ಚುಕ್ಕೆಯನ್ನೂ ಅದರ ಸುತ್ತಲಿನ ಒಳ್ಳೆಯ ಪೊರೆಯನ್ನೂ ಕತ್ತರಿಸಿ ತೆಗೆದರು. ಅಂಚನ್ನು ಕಾದ ಸೂಜಿಯಿಂದ ಸುಟ್ಟರು. ಆ ಚೂರು ಪರೀಕ್ಷೆಗೆ ಮುಂಬಯಿಗೆ ಹೋಯಿತು. ಕೆಟ್ಟದ್ದೇ ಹೌದು, ಆದರೆ ಅಂಚಿಗೆ ತಲುಪಿಲ್ಲ ಎಂದು ಸುದ್ದಿ ಬಂದ ದಿನ ಹೀರಾ ಆಸ್ಪತ್ರೆಯ ಜಗಲಿಯಲ್ಲೇ ಕೂತು ಅತ್ತುಬಿಟ್ಟಳು. ಆಗಾಗ ಬಂದು ತೋರಿಸಬೇಕೆಂದು ಹೇಳಿ ಡಾಕ್ಟರು ಅವರನ್ನು ಮನೆಗೆ ಕಳಿಸಿದರು.

ಊರಿಗೆ ಬಂದರೆ, ಗುಡ್ಡದ ಮೇಲೆ ತಾಂಡೇಲನ ಅಳಿಯ ಕೇಶವ ಕೂತಿದ್ದ. ದಿನಗಟ್ಟಲೆ ಬಲೆ ಒದ್ದೆಯಾಗಿರಲಿಲ್ಲ. ಚುಕ್ಕೆ ಹೋಯಿತು, ಮೀನೂ ಹೋಯಿತು ಎಂದು ಊರು ಬಾಬುವನ್ನು ಬೈಯುತ್ತಿತ್ತು. ಕರೆಯದಿದ್ದರೂ ಅವನು ಗುಡ್ಡ ಹತ್ತಿ ಕೇಶವನ ಪಕ್ಕ ಕೂತ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬರೀ ಬಲಗಣ್ಣಿನಿಂದ ನೋಡಿದ. ಅಂಜದೀವ ದ್ವೀಪದ ಈಚೆ ನೀರು ಕಪ್ಪಾಗಿ ನಡುಗುತ್ತಿತ್ತು. ಬಾಬು ಅಂಗಿ ಬಿಚ್ಚಿ ಬೀಸಿದ. ಕೆಳಗೆ ತಾಂಡೇಲ ಅನುಮಾನಿಸುತ್ತ ನಿಂತಿದ್ದಾಗ ಹೀರಾ ತಾನೇ ಹೋಗಿ ದೋಣಿಗೆ ಕೈಹಚ್ಚಿದಳು. ನಾಚಿಕೊಂಡು ಗಂಡಸರೂ ನೂಕಿದರು.

ಸಂಜೆಯ ಹೊತ್ತಿಗೆ ದಂಡೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಬಂಗಡೆ. ರಾಮಾ ತಾಂಡೇಲ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು, ಬಾಬುವಿನ ಮುಖಕ್ಕೆ ಮುಖ ಕೊಟ್ಟು ಬಲಗಣ್ಣನ್ನೇ ದಿಟ್ಟಿಸಿದ. ಚುಕ್ಕೆಯಿದ್ದ ಜಾಗದಲ್ಲಿ ಬಿಳಿಯಲ್ಲದೆ ಬೇರೇನೂ ಇರಲಿಲ್ಲ.

"ಬದಿಗೆ ಸರೀರಿ ತಾಂಡೇಲ್ರೆ," ಎಂದ ಬಾಬು. "ಇನ್ನೊಂದು ಹಿಂಡು ಬತ್ತದೆ."

ತಾಂಡೇಲ ತಿರುಗಿ ನೋಡಿದ. ಅವನಿಗೆ ಕಂಡದ್ದು ಬರೀ ಕಡಲು. ಆದರೂ ದೋಣಿಯವರನ್ನು ಕೂಗುತ್ತ, ಬಂದ ದಾರಿಯಲ್ಲೇ ಇಳಿದು ಓಡಿದ.