ಸಾಹೇಬರ ಆಯುಷ್ಯ

ಗುರುಶಾಂತ ಸಾಹೇಬ ಸಾಯಲಿ ಎಂದು ಗಿರಿಜಾಬಾಯಿ ವರ್ಷಗಟ್ಟಲೆ ಬೇಡಿಕೊಂಡಿದ್ದಳು. ಅವನು ಬದುಕಲಿ ಎಂದು ಬೇಡಿಕೊಳ್ಳುವ ಕಾಲವೂ ಅವಳಿಗೆ ಬಂತು.

ಮರಾಠಿ ಸೀಮೆಗೆ ಸೇರಿದ ಅಕ್ಕಲಕೋಟ ತಾಲೂಕಿನಲ್ಲಿ, ಅವಳ ಊರಿಗೂ ಮೈಂದರ್ಗಿ ರಸ್ತೆಗೂ ನಡುವೆ ಒಂದು ಹಳ್ಳವಿದೆ. ಅದಕ್ಕೊಂದು ಸೇತುವೆ ಬೇಕೆಂದು ಅರ್ಜಿ ಕೊಟ್ಟು ಕೊಟ್ಟು ಊರಿನ ಒಂದು ತಲೆಮಾರೇ ಮುದಿಯಾಗಿತ್ತು. ಕೊನೆಗೆ ಆ ಭಾಗದ ಮುಖಂಡ ಗುರುಶಾಂತ ಸಾಹೇಬ ಅದನ್ನು ಮಂಜೂರು ಮಾಡಿಸಿದ. ಗುತ್ತಿಗೆ ಹಿಡಿದವನು ಅವನ ಹೆಂಡತಿಯ ತಮ್ಮ. ಕೆಲಸ ನಡೆಯುವಾಗಲೇ ಊರವರು ಕಾಂಕ್ರೀಟನ್ನು ಉಗುರಿನಿಂದ ಕೆರೆದು, ಉದುರುವ ಪುಡಿಯನ್ನು ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ನಕ್ಕರೇ ಹೊರತು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಎರಡನೆಯ ಮಳೆಗಾಲದಲ್ಲಿ ಸೇತುವೆ ನಟ್ಟನಡುವೆ ಮುರಿದುಬಿತ್ತು. ಆಗ ಅದರ ಮೇಲಿದ್ದವಳು ಗಿರಿಜಾಬಾಯಿಯ ಒಬ್ಬಳೇ ಮಗಳು ಪ್ರಣಿತಾ. ಕಾಲೇಜು ಮುಗಿಸಿಕೊಂಡು ಸ್ಕೂಟಿಯ ಮೇಲೆ ಮನೆಗೆ ಬರುತ್ತಿದ್ದಳು.

ಮಣ್ಣು ಮಾಡಿದ ಮರುದಿನ ಸಾಹೇಬ ಸಾಂತ್ವನಕ್ಕೆ ಬಂದ. ಹಾಸಿದ ಜಮಖಾನದ ಮೇಲೆ ಕೂತು, “ಏನ್ ಮಾಡೂದವ್ವ, ದೇವರ ಇಚ್ಛಾ” ಎಂದ.

“ಗುತ್ತಿಗಿ ದೇವರು ಹಿಡದಿದ್ದಿಲ್ಲಲ್ರಿ ಸಾಹೇಬ್ರ” ಎಂದಳು ಗಿರಿಜಾಬಾಯಿ.

ಜಮಖಾನದ ಮೇಲಿದ್ದವರೆಲ್ಲ ತಲೆ ತಗ್ಗಿಸಿದರು. ಗಂಡ ಶಾಂತಪ್ಪನೂ ತಗ್ಗಿಸಿದ.

ಪೊಲೀಸರು ಅವಳ ದೂರನ್ನು ತೆಗೆದುಕೊಳ್ಳಲಿಲ್ಲ. ಅವಳು ಎಸ್‌ಟಿ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಓಡಾಡಿದಳು. ನಂದಾ ಎಂಬ ವಕೀಲೆ ಸಿಕ್ಕಳು. ಕೋರ್ಟಿನ ಆದೇಶದ ಮೇಲೆ ಕೇಸು ದಾಖಲಾಯಿತು. ಸಾಹೇಬ ಒಂದನೆಯ ಆರೋಪಿ, ಗುತ್ತಿಗೆದಾರ ಮೈದುನ ಎರಡನೆಯವನು, ಇಂಜಿನಿಯರ್ ಮೂರನೆಯವನು. ಅಂದಿನಿಂದ ಶಾಂತಪ್ಪನ ಹೊಲಕ್ಕೆ ಕಬ್ಬು ಕಡಿಯುವ ಆಳುಗಳ ಟೋಳಿ ಎಲ್ಲರದು ಮುಗಿದ ಮೇಲೆ ಬರತೊಡಗಿತು. ನಿಂತಲ್ಲೇ ಕಬ್ಬು ಹೂಬಿಟ್ಟು ಬೆಂಡಾಗುತ್ತಿತ್ತು. ಟೋಳಿಯ ಮುಕಾದಮನನ್ನು ಕೇಳಿದರೆ, “ನನಗ್ಯಾಕ ಕೇಳ್ತೀರಿ, ನಿಮಗ ಗೊತ್ತಿಲ್ಲೇನು” ಎನ್ನುತ್ತಿದ್ದ.

“ಬಿಡಾಣು ಗಿರಿಜಾ. ಕೂಸಂತೂ ತಿರುಗಿ ಬರೂದಿಲ್ಲ” ಎಂದು ಶಾಂತಪ್ಪ ಎಷ್ಟೋ ಸಲ ಹೇಳಿದ.

“ಕೂಸು ಬರ್ಲಿ ಅಂತ ನಾ ಕೋರ್ಟಿಗಿ ಹೊಂಟಿಲ್ರಿ. ಅಂವ ಕಟಕಟಿಯೊಳಗ ನಿಂತು, ‘ನೀ ತಪ್ಪು ಮಾಡೀದಿ’ ಅಂತ ಜಡ್ಜ್ ಹೇಳೂದು ಕೇಳಬೇಕು. ಅಷ್ಟ.”

ಸಾಕ್ಷಿ ಹೇಳುವ ದಿನ ಅವಳು ಕನ್ನಡದಲ್ಲೇ ಹೇಳಿದಳು. ಮಗಳು ಗಾಡಿಯನ್ನು ಜೋರಾಗಿ ಓಡಿಸುತ್ತಿದ್ದಳೇ ಎಂದು ಸಾಹೇಬನ ವಕೀಲ ಕೇಳಿದ. “ಗಾಡಿ ಜೋರ್ ಓಡಿಸಿದ್ರ ಪೂಲ ಬೀಳ್ತದೇನ್ರಿ?” ಎಂದು ಅವಳು ತಿರುಗಿ ಕೇಳಿದಳು. ಅದು ಕೋರ್ಟಿನ ಮರಾಠಿಗೆ ತಿರುಗಿ ಕಾಗದಕ್ಕೆ ಇಳಿಯುವಾಗ ‘ಸಾಕ್ಷಿಗೆ ಗೊತ್ತಿಲ್ಲ’ ಎಂದಾಗಿತ್ತು. ನಂದಾ ಎದ್ದು ನಿಂತು ಜಗಳವಾಡಿ ಸರಿಪಡಿಸಿದಳು. ಹೀಗೆ ಒಂದೊಂದು ಮಾತನ್ನೂ ಕಿತ್ತಾಡಿ ಉಳಿಸಿಕೊಳ್ಳುತ್ತ ವಿಚಾರಣೆ ಮುಗಿಯುವ ಹೊತ್ತಿಗೆ ಗಿರಿಜಾಬಾಯಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ತೀರ್ಪಿಗೆ ತಾರೀಖು ಬಿತ್ತು. ಸಾಹೇಬ ಬರಲಿಲ್ಲ, ದವಾಖಾನೆಯ ಸರ್ಟಿಫಿಕೇಟು ಬಂತು. ಮುಂದಿನ ತಾರೀಖಿಗೂ ಅದೇ. ಆರೋಪಿ ಎದುರಿಗಿಲ್ಲದೆ ಶಿಕ್ಷೆ ಓದುವುದು ಹೇಗೆ ಎಂದು ಅವನ ವಕೀಲ ಪ್ರತಿ ಸಲ ಮುಂದೂಡಿಸಿಕೊಂಡು ಹೋಗುತ್ತಿದ್ದ. ಇದೆಲ್ಲ ಸೋಗು ಎಂದೇ ಗಿರಿಜಾಬಾಯಿ ತಿಳಿದಿದ್ದಳು. ಆದರೆ ಅದರ ಮುಂದಿನ ತಾರೀಖಿಗೆ ಸಾಹೇಬ ಬಂದ. ಮಗ ಶುಭಂ ಗಾಲಿಕುರ್ಚಿ ತಳ್ಳುತ್ತಿದ್ದ. ಕುರ್ಚಿಯಲ್ಲಿದ್ದವನ ಕಣ್ಣು ಅರಿಸಿನದಂತೆ ಹಳದಿಯಾಗಿತ್ತು. ಬಂಗಾರದ ಗಡಿಯಾರ ಮುಂಗೈಯಲ್ಲಿ ನಿಲ್ಲದೆ ಮೊಣಕೈತನಕ ಜಾರಿತ್ತು. ಅವಳನ್ನು ನೋಡಿದನೋ ಇಲ್ಲವೋ ತಿಳಿಯಲಿಲ್ಲ.

ಆ ದಿನ ಜಡ್ಜ್ ರಜೆಯ ಮೇಲಿದ್ದರು. ಇನ್ನೊಂದು ತಾರೀಖು ಬಿತ್ತು.

ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಗಿರಿಜಾಬಾಯಿ ನಂದಾಳ ಕೋಟಿನ ತೋಳು ಹಿಡಿದಳು. “ವಕೀಲಬಾಯಿ, ಇಂವ ಹೋದಂದ್ರ?”

“ಹೋದಂದ್ರ ಅವನ ಮಟ್ಟಿಗಿ ಕೇಸು ಮುಗೀತು ಮಾವಶಿ. ಸತ್ತವರ ಮ್ಯಾಲ ತೀರ್ಪು ಕೊಡೂದಿಲ್ಲ.”

“ತಪ್ಪು ಮಾಡ್ಯಾನಂತರೆ ಹೇಳ್ತಾರಿಲ್ಲೋ?”

“ಮಾಡ್ಯಾನಂತೂ ಹೇಳೂದಿಲ್ಲ, ಮಾಡಿಲ್ಲಂತೂ ಹೇಳೂದಿಲ್ಲ. ಏನೂ ಹೇಳೂದಿಲ್ಲ.”

ಗಿರಿಜಾಬಾಯಿ ಊರಿಗೆ ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಕಣ್ಣಮುಂದೆ ಜಾರಿದ ಆ ಗಡಿಯಾರವೇ ಇತ್ತು. ಗುರುವಾರ ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು ಅಕ್ಕಲಕೋಟಕ್ಕೆ ಹೋದಳು. ಸ್ವಾಮಿಗಳ ವಟವೃಕ್ಷದ ಗುಡಿಯಲ್ಲಿ ಸಾಲು ಹಚ್ಚಿ, ತನ್ನ ಪಾಳಿ ಬಂದಾಗ ಕಣ್ಣು ಮುಚ್ಚಿದಳು. ಮಗಳ ಮುಖ ಎದುರಿಗೆ ಬಂತು. ಅದನ್ನು ಬದಿಗೆ ಸರಿಸಿ, “ಅವನಿಗಿ ಆಯುಷ್ಯ ಕೊಡು ಸ್ವಾಮಿ. ಆ ತಾರೀಖಿನ ತನಕ ಅವನ ಜೀವ ಹಿಡದಿಡು” ಎಂದು ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೇ ಅವಳಿಗೆ ಅಳು ಬಂತು.

ಆ ದಿನ ಸಾಹೇಬನ ಬೆಂಬಲಿಗರೂ ಅವನ ಹೆಸರಿನಲ್ಲಿ ಅಭಿಷೇಕ ಮಾಡಿಸಲು ಅಲ್ಲಿಗೆ ಬಂದಿದ್ದರು. ಅವರಲ್ಲೊಬ್ಬ ಅವಳ ಗುರುತು ಹಿಡಿದು ಹತ್ತಿರ ಬಂದ. “ಕಾಕು, ನೀವೂ ಸಾಹೇಬ್ರ ಸಲುವಾಗಿ ಬಂದೀರೇನು?”

ದೇವರ ಎದುರಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಹೂಂ. ಅವನ ಸಲುವಾಗೇ ಬಂದೀನಿ” ಎಂದಳು.

ಅವಳು ಊರು ಮುಟ್ಟುವ ಮೊದಲೇ, ಗುಡಿಯಲ್ಲಿ ಅವರು ತೆಗೆದ ಫೋಟೋ ಊರು ಮುಟ್ಟಿತ್ತು. ಕೈಮುಗಿದು ಅಳುತ್ತಿರುವ ಗಿರಿಜಾಬಾಯಿ, ಪಕ್ಕಕ್ಕೆ ಜೋಡಿಸಿದ ನಗುತ್ತಿರುವ ಸಾಹೇಬ, ಕೆಳಗೆ ‘ತಾಯಿ ಕ್ಷಮಿಸಿದಳು’ ಎಂದು ಮರಾಠಿಯಲ್ಲಿ ದಪ್ಪ ಅಕ್ಷರ. ಶಾಂತಪ್ಪ ಫೋನು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದ.

“ಇದೇನಿದು?”

ಅವಳು ಚಪ್ಪಲಿ ಬಿಟ್ಟು ಅವನ ಬದಿಗೆ ಕೂತು, ವಕೀಲೆ ಹೇಳಿದ್ದನ್ನೆಲ್ಲ ಹೇಳಿದಳು. ತಾನು ಬೇಡಿಕೊಂಡದ್ದನ್ನೂ ಹೇಳಿದಳು. ಶಾಂತಪ್ಪ ಫೋನು ಕೆಳಗಿಟ್ಟ. ಮಗಳು ಹೋದಂದಿನಿಂದ ಅವನು ಯಾವ ದೇವರಿಗೂ ಕೈಯೆತ್ತಿರಲಿಲ್ಲ.

“ಬರೂ ಗುರುವಾರ ನಾನೂ ಬರ್ತೀನಿ” ಎಂದ.

ಗಂಡಹೆಂಡತಿ ಇಬ್ಬರೂ ಹೋಗಿ ಆ ಮನುಷ್ಯನ ಆಯುಷ್ಯಕ್ಕಾಗಿ ಕೈಮುಗಿದರು. ಶಾಂತಪ್ಪ ಎಡೆ ಕೊಟ್ಟ, ಕಾಯಿ ಒಡೆಸಿದ. ತಾರೀಖಿಗೆ ಇನ್ನೇನು ವಾರವಿದೆ ಎನ್ನುವಾಗ ಸಾಹೇಬ ಸೊಲ್ಲಾಪುರದ ದವಾಖಾನೆಯೊಂದರಲ್ಲಿ ತೀರಿಕೊಂಡ.

ಸುದ್ದಿ ಬಂದಾಗ ಗಿರಿಜಾಬಾಯಿ ಜೋಳದ ಭಕ್ರಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, “ತಪ್ಪಿಸಿಕೊಂಡ” ಎಂದಳು. ಪೇಟೆಯ ಅಂಗಡಿಗಳು ಬಾಗಿಲು ಮುಚ್ಚಿದವು. ಚೌಕಗಳಲ್ಲಿ ಆಳೆತ್ತರದ ಶ್ರದ್ಧಾಂಜಲಿ ಬೋರ್ಡುಗಳು ನಿಂತವು. ಹಳ್ಳಕ್ಕೆ ಹೊಸದಾಗಿ ಕಟ್ಟಿದ ಸೇತುವೆಗೆ ಅವನ ಹೆಸರಿಡಬೇಕೆಂದು ಶೋಕಸಭೆಯಲ್ಲಿ ಒಬ್ಬರು ಹೇಳಿದಾಗ, ಸೇರಿದವರು ಚಪ್ಪಾಳೆ ತಟ್ಟಿದರಂತೆ. ಸಭೆಗೆ ಅವಳ ಊರಿನಿಂದಲೂ ಎರಡು ಟೆಂಪೊ ಮಂದಿ ಹೋಗಿತ್ತು.

ಉಳಿದ ಇಬ್ಬರ ಮೇಲಿನ ತೀರ್ಪನ್ನು ಜಡ್ಜ್ ಮರಾಠಿಯಲ್ಲಿ ಓದಿದರು. ನಂದಾ ಮಗ್ಗುಲಲ್ಲಿ ಕೂತು ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ನಿರ್ಲಕ್ಷ್ಯದಿಂದ ಜೀವ ಹೋದದ್ದಕ್ಕೆ ಇಬ್ಬರಿಗೂ ಎರಡು ವರ್ಷ. ಭ್ರಷ್ಟಾಚಾರದ ಆರೋಪ ರುಜುವಾತಾಗಲಿಲ್ಲ. ಮೇಲ್ಮನವಿ ಹಾಕುವತನಕ ಇಬ್ಬರಿಗೂ ಜಾಮೀನು.

“ಮತ್ತ ಅವನ ಹೆಸರಿನ ಮುಂದ ಏನು ಬರದಾರ?”

“ಮಯತ ಅಂತ. ಸತ್ತಾನ ಅಂತ.”

“ಅಷ್ಟೇನಾ?”

“ಅಷ್ಟ, ಮಾವಶಿ.”

ಗುತ್ತಿಗೆದಾರ ಜಾಮೀನಿನ ಕಾಗದಕ್ಕೆ ಸಹಿ ಮಾಡಿ, ಅವಳ ಮುಂದೆಯೇ ಹಾದು ಚಹಾ ಕುಡಿಯಲು ಹೋದ. ಶಾಂತಪ್ಪ ಅವಳ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ.

ಅಂಗಳದಲ್ಲಿ ಶುಭಂ ನಿಂತಿದ್ದ. ಬೋಳಿಸಿದ ತಲೆಯ ಮೇಲೆ ಕೂದಲು ಆಗಷ್ಟೇ ಚಿಗುರುತ್ತಿತ್ತು. ತಂದೆಯ ಜಾಗಕ್ಕೆ ಅವನೇ ಎಂದು ಪಕ್ಷದವರು ಆಗಲೇ ಹೇಳಿಯಾಗಿತ್ತು. ಸುತ್ತ ಹತ್ತಾರು ಮಂದಿ, ಎಲ್ಲರ ಕೈಯಲ್ಲೂ ಮೊಬೈಲು. ಅವನು ಬಂದವನೇ ಮಂಡಿಯೂರಿ ಗಿರಿಜಾಬಾಯಿಯ ಪಾದ ಮುಟ್ಟಿದ. ಅವಳಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ.

“ಕಾಕು, ನೀವು ಅಪ್ಪನ ಸಲುವಾಗಿ ಬೇಡಿಕೊಂಡ್ರಿ. ನಮ್ಮ ಮನಿ ಇದನ್ನ ಮರಿಯೂದಿಲ್ಲ.”

ಗಿರಿಜಾಬಾಯಿ ಅವನ ಮುಖ ನೋಡಿದಳು. ಚಿಕ್ಕ ವಯಸ್ಸು. ಕಣ್ಣಲ್ಲಿ ನಿಜಕ್ಕೂ ನೀರಿತ್ತು.

“ನಿಮ್ಮಪ್ಪ ಇನ್ನೂ ಬದುಕಬೇಕಿತ್ತಪ್ಪ” ಎಂದಳು.

ಯಾರೋ “ದೇವಿಯಂಥಾಕಿ” ಎಂದರು. ಮೊಬೈಲುಗಳು ಇನ್ನಷ್ಟು ಹತ್ತಿರ ಬಂದವು. ಆದರೆ ಅವಳ ಮಾತು ಮುಗಿದಿರಲಿಲ್ಲ.

“ಕಟಕಟಿಯೊಳಗ ನಿಂತು ತನ್ನ ಕಿವಿಲೆ ತೀರ್ಪು ಕೇಳೂ ತನಕ ಬದುಕಬೇಕಿತ್ತು. ನನ್ನ ಮಗಳನ್ನ ನುಂಗಿ, ನೀರು ಕುಡದು, ಹಾರ ಹಾಕ್ಕೊಂಡು ಹೋದ. ಅದಕ್ಕ ಬೇಡಿಕೊಂಡಿದ್ದೆ ನಾ. ತಿಳೀತೇನು?”

ಶುಭಂ ಅವಳ ಮುಂದಿನಿಂದ ಎದ್ದ. ಕಣ್ಣಿನ ನೀರು ಇನ್ನೂ ಆರಿರಲಿಲ್ಲ, ದನಿ ಮಾತ್ರ ಆರಿತ್ತು. ಮೊಬೈಲು ಹಿಡಿದಿದ್ದ ಹತ್ತಿರದವನತ್ತ ತಿರುಗಿ, ಮುಂದಿನದನ್ನು ಕತ್ತರಿಸು ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿ ಕಾರಿನತ್ತ ನಡೆದ.

ಸಂಜೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಓಣಿಯ ಸುಗಲಾಬಾಯಿ ಎದುರಾದಳು. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ವಿಡಿಯೋ ನೋಡಿದ್ದಳು. ಅದು ‘ಇನ್ನೂ ಬದುಕಬೇಕಿತ್ತಪ್ಪ’ ಎಂಬಲ್ಲಿಗೇ ಮುಗಿದಿತ್ತು. ಗಿರಿಜಾಬಾಯಿಯ ಎರಡೂ ಕೈ ಹಿಡಿದುಕೊಂಡು, “ಭಾಳ ದೊಡ್ಡ ಮನಸು ನಿಂದು. ನನ್ನ ಕೈಲೆ ಆಗ್ತಿದ್ದಿಲ್ಲವ್ವ” ಎಂದಳು.

ಶಾಂತಪ್ಪ ಏನೋ ಹೇಳಲು ಬಾಯಿ ತೆರೆದ. ಗಿರಿಜಾಬಾಯಿ ಕೈ ಬಿಡಿಸಿಕೊಂಡು ಮನೆಯ ಕಡೆ ನಡೆದಳು.